ಹೊಸ್ತಿಲು ದಾಟದ ಸಂದೇಶ

“ಕೈ ಬಿಡ್ರಿ! ನಮ್ಮವ್ವನ ಕೈ ಬಿಡ್ರಿ ಮೊದಲ!”

ನಾಗರತ್ನಾಳ ಕೂಗಿಗೆ ಅಕ್ಕಿಆಲೂರಿನ ಕೆರೆ ಏರಿಯ ಮೇಲಿದ್ದ ಎಮ್ಮೆಗಳೂ ತಲೆಯೆತ್ತಿ ನೋಡಿದವು. ಕಟ್ಟಕಡೆಯ ಮೆಟ್ಟಿಲಲ್ಲಿ ಅವಳ ತಾಯಿ ಸುಶೀಲವ್ವ ನಿಂತಿದ್ದಳು. ಸೀರೆಯ ಅಂಚು ನೀರಿನಲ್ಲಿ ತೇಲುತ್ತಿತ್ತು. ಪಕ್ಕದಲ್ಲಿ ಗುರುತಿಲ್ಲದ ಯುವಕನೊಬ್ಬ ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿದಿದ್ದ!

ಅವನು ಕೈ ಬಿಡಲಿಲ್ಲ. ತಿರುಗಿ ನಾಗರತ್ನಾಳನ್ನು ನೋಡಿದ, ಅಷ್ಟೇ.

“ಬಿಟ್ರ ಬೀಳ್ತಾರ್ರಿ. ನೀವು ಬಂದು ಹಿಡಕೋರಿ, ಆಮ್ಯಾಲ ಬಿಡ್ತೇನಿ.”

ಅವಳು ಇಳಿದು ಬಂದು ತಾಯಿಯ ಇನ್ನೊಂದು ಕೈ ಹಿಡಿದ ಮೇಲೆಯೇ ಅವನ ಬೆರಳುಗಳು ಸಡಿಲವಾದದ್ದು. ಸುಶೀಲವ್ವ ಇಬ್ಬರನ್ನೂ ಪಿಳಿಪಿಳಿ ನೋಡಿ, “ಈ ಸಲ ನೀರು ಭಾಳ ಬಂದಾವಲ್ಲ,” ಎಂದಳು. ಏನೂ ಆಗಿಯೇ ಇಲ್ಲವೆಂಬಂತೆ!

“ನೀವ್ಯಾರ್ರಿ? ನಮ್ಮವ್ವನ ಕೈ ಹಿಡಕೊಂಡು ಇಲ್ಲೇನು ಮಾಡಾಕತ್ತಿದ್ರಿ?” ನಾಗರತ್ನಾ ಗದರಿದಳು.

ನಮ್ಮ ನಾಗರತ್ನಾ ಹಾಗೆಯೇ. ಹೆದರಿಕೆಯಾದರೆ ಅಳುವವಳಲ್ಲ, ಬೈಯುವವಳು. ಆ ಹೊತ್ತು ಅವಳ ಕೈಕಾಲು ಥಂಡಾಗಿದ್ದವು. ಆದರೆ ಬಾಯಿ ಮಾತ್ರ ಜೋರಾಗಿಯೇ ಇತ್ತು.

“ಮಹಾಂತೇಶ ಅಂತ್ರಿ. ಬಸ್‌ಸ್ಟ್ಯಾಂಡ್ ಬಾಜೂಕ ಕಂಪ್ಯೂಟರ್ ರಿಪೇರಿ ಅಂಗಡಿ ನಂದು. ಇವ್ರು ಒಬ್ಬರ ಈ ಕಡೆ ಹೊಂಟಿದ್ದು ನೋಡಿದೆ. ಯಾಕೋ ಮನಸ್ಸಿಗೆ ಸಮಾಧಾನ ಆಗಲಿಲ್ಲ.”

ಇಷ್ಟು ಹೇಳಿ ಅವನು ಚಪ್ಪಲಿ ಹುಡುಕಿಕೊಂಡು ಹೊರಟೇಬಿಟ್ಟ. ಅವನ ಪ್ಯಾಂಟು ಮೊಣಕಾಲಿನ ತನಕ ಒದ್ದೆಯಾಗಿತ್ತು. ಅದನ್ನು ನೋಡಿದ ಮೇಲೆ ನಾಗರತ್ನಾಳಿಗೆ ನಾಚಿಕೆಯಾಯಿತು.

ಸುಶೀಲವ್ವನಿಗೆ ಮರೆವು ಶುರುವಾಗಿ ಎರಡು ವರ್ಷ. ಮೊದಲು ಒಲೆಯ ಮೇಲಿನ ಹಾಲು ಮರೆತಳು, ಆಮೇಲೆ ವಾರ ಮರೆತಳು, ಆಮೇಲೆ ಗಂಡ ತೀರಿಕೊಂಡದ್ದನ್ನೇ ಮರೆತು, “ನಿಮ್ಮಪ್ಪ ಇನ್ನೂ ಬರಲಿಲ್ಲಲ್ಲ,” ಎಂದು ಬಾಗಿಲು ನೋಡತೊಡಗಿದಳು. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ನಾಗರತ್ನಾ ಅಕ್ಕಿ ಗಿರಣಿಯ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್. ಮುಂಜಾನೆ ಒಂಬತ್ತಕ್ಕೆ ಹೋದರೆ ಸಂಜೆ ಆರಕ್ಕೆ ಬರುವುದು. ನಡುವೆ ಪಕ್ಕದ ಮನೆಯ ಸಿದ್ದವ್ವ ಹಿತ್ತಲಿನಿಂದ ಬಂದು ಊಟಕ್ಕೆ ಹಾಕಿ ಹೋಗುತ್ತಿದ್ದಳು.

ಆ ದಿನ ಸಂಜೆ ಸಿದ್ದವ್ವ ಗಲ್ಲಕ್ಕೆ ಕೈಯಿಟ್ಟು ಹೇಳಿದಳು, “ಕೆರಿ ದಾರಿ ಕಲ್ತ ಕಾಲು ಸುಮ್ಮನಿರಂಗಿಲ್ಲ ನೋಡ ನಾಗೂ. ಹುಷಾರಿರು ಯವ್ವಾ.”

ಆ ಮಾತು ನಾಗರತ್ನಾಳ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಕನಸಿನಲ್ಲೂ ನೀರಿನಲ್ಲಿ ತೇಲುವ ಸೀರೆಯ ಅಂಚು... ನಾಲ್ಕನೆಯ ದಿನ ತಾನೇ ಮಹಾಂತೇಶನ ಅಂಗಡಿಗೆ ಹೋಗಿ ನಿಂತಳು.

“ಅವತ್ತು ಬೈದೆ. ತಪ್ಪಾತು. ಈಗ ಒಂದು ಉಪಕಾರ ಆಗಬೇಕಾಗೈತ್ರಿ.”

ಅವನು ನಕ್ಕ. “ಬೈದಿದ್ದು ಬಿಡ್ರಿ. ಕುಂತ್ರಿ, ಹೇಳ್ರಿ.”

ಹೀಗೆ ಒಂದು ಕರಿ ಪೆಟ್ಟಿಗೆ ಅವರ ಮನೆಗೆ ಬಂತು. ಪರದೆ ಇಲ್ಲದ ಹಳೆಯ ಕಂಪ್ಯೂಟರ್ ಅದು, ಊಟದ ಡಬ್ಬಿಯಷ್ಟೇ ಗಾತ್ರ. ಮುಂದುಗಡೆ ಒಂದು ಹಸಿರು ದೀಪ. ಅದನ್ನು ಪಡಸಾಲೆಯ ಗೂಡಿನಲ್ಲಿಟ್ಟು, ಮುಂಬಾಗಿಲ ಚೌಕಟ್ಟಿಗೆ ಬಾಗಿಲು ತೆರೆದರೆ ತಿಳಿಯುವ ಬೆರಳುದ್ದದ ಸೆನ್ಸರ್ ಹಚ್ಚಿ, ಮೇಲೊಂದು ಪುಟ್ಟ ಕ್ಯಾಮೆರಾ ಕೂರಿಸಿದ.

“ಇದರಾಗ ಏನೈತ್ರಿ?” ನಾಗರತ್ನಾ ಕೇಳಿದಳು.

“ಮೂರು ಡಬ್ಬಿ ಅದಾವು ಅಂತ ತಿಳಕೋರಿ. ಕಂಟೇನರ್ ಅಂತಾರ. ಒಂದು ಡಬ್ಬಿ ಬಾಗಲಾ ನೋಡ್ತೈತಿ, ಒಂದು ಫೋಟೊ ತಗದು ಇಟ್ಕೊಂತೈತಿ, ಇನ್ನೊಂದು ನಿಮ್ಮ ಫೋನಿಗೆ ಸುದ್ದಿ ಕಳಸ್ತೈತಿ. ಬ್ಯಾರೆ ಬ್ಯಾರೆ ಇದ್ರ ಒಂದು ಕೆಟ್ರೂ ಇನ್ನೊಂದು ಕೆಡಂಗಿಲ್ಲ. ಸಕ್ಕರಿ ಡಬ್ಬಿಗೆ ಇರುವಿ ಹತ್ತಿದ್ರ ರವಾ ಕೆಡ್ತೈತೇನು?”

ಎಷ್ಟೋ ತಿಂಗಳ ಮೇಲೆ ನಾಗರತ್ನಾ ನಕ್ಕಳು. ಅವನು ವೈರು ಸುತ್ತುವುದನ್ನು ಬಿಟ್ಟು ಆ ನಗು ನೋಡುತ್ತ ಕೂತ. ಅಲ್ಲಿಂದ ಮುಂದಿನದನ್ನು ನಾನು ಬಿಡಿಸಿ ಹೇಳಬೇಕೆ? ಪೆಟ್ಟಿಗೆ ಸರಿಯಾಗಿಯೇ ಇದ್ದರೂ ಅದನ್ನು ನೋಡುವ ನೆಪದಲ್ಲಿ ಪ್ರತಿ ರವಿವಾರ ಮಹಾಂತೇಶ ಬರತೊಡಗಿದ. ಸರಿಯಾಗಿದೆ ಎಂದು ಗೊತ್ತಿದ್ದೂ ಅವಳು ಚಹಾ, ಒಗ್ಗರಣೆ ಮಂಡಕ್ಕಿ ಮಾಡತೊಡಗಿದಳು. ಸುಶೀಲವ್ವ ಅವನನ್ನು ಒಂದು ವಾರ “ತಮ್ಮಾ” ಎನ್ನುವಳು, ಇನ್ನೊಂದು ವಾರ “ಯಾರಪಾ ನೀ” ಎನ್ನುವಳು. ಅವನು ಎರಡಕ್ಕೂ ಒಂದೇ ನಗು ನಗುತ್ತಿದ್ದ.

ಒಂದು ರವಿವಾರ, ಸುಶೀಲವ್ವ ಅಕ್ಕಿ ಆರಿಸುತ್ತ ಕೂತಿದ್ದಾಗ, ಅವಳೆದುರಿಗೇ ಅವನು ಕೇಳಿಬಿಟ್ಟ.

“ನಾಗರತ್ನಾ ಅವರ, ನಾ ನಿಮ್ಮನ್ನ ಮದಿವಿ ಆಗಬೇಕಂತೇನಿ.”

ಅವಳು ಚಹಾದ ಕಪ್ಪನ್ನು ಕೆಳಗಿಟ್ಟಳು. “ನಾ ಬಂದ್ರ ನಮ್ಮವ್ವನೂ ಬರ್ತಾಳ್ರಿ...”

“ಗೊತ್ತೈತಿ. ಇಬ್ಬರನ್ನೂ ಕೂಡೇ ಕೇಳಾಕತ್ತೇನಿ.”

ಸುಶೀಲವ್ವ ಮೊರದಿಂದ ತಲೆಯೆತ್ತಿ ಇಬ್ಬರನ್ನೂ ನೋಡಿದಳು. ಮತ್ತೆ ಅಕ್ಕಿ ಆರಿಸತೊಡಗಿದಳು.

“ಒಂದು ವಾರ ಕೊಡ್ರಿ,” ಎಂದಳು ನಾಗರತ್ನಾ. ಒಂದು ನಿಮಿಷವೂ ಬೇಕಿರಲಿಲ್ಲ ಅವಳಿಗೆ! ಹೆಣ್ಣಿನ ಬಿಗುಮಾನ, ಅಷ್ಟೇ. ಆ ವಾರವೇ ಮುಳುವಾಯಿತು.

ಶುಕ್ರವಾರ ಗಿರಣಿಯಲ್ಲಿ ಊಟದ ಹೊತ್ತಿಗೆ ಸುಮ್ಮನೆ ಫೋನಿನಲ್ಲಿ ಪೆಟ್ಟಿಗೆಯ ಪುಟ ತೆರೆದು ನೋಡುತ್ತಿದ್ದಳು. ಒಂದು ಕಡೆ ಸಂದೇಶ ಯಾರಿಗೆ ಹೋಗಬೇಕು ಎಂದು ಬರೆದಿತ್ತು. ಅಲ್ಲಿ ಎರಡು ನಂಬರ್! ಒಂದು ಅವಳದು. ಇನ್ನೊಂದು...

ಮಹಾಂತೇಶನದು. ಮೊದಲ ದಿನದಿಂದಲೂ!

‘ನಮ್ಮ ಮನೆಯ ಬಾಗಿಲು ತೆರೆದಾಗಲೆಲ್ಲ ಈ ಮನುಷ್ಯನಿಗೆ ಸುದ್ದಿ ಹೋಗುತ್ತಿತ್ತೇ? ಕ್ಯಾಮೆರಾದ ಫೋಟೊ ಎಲ್ಲ ಹೋಗುತ್ತಿತ್ತೇ? ನಾನು ಹೋಗುವುದು, ಬರುವುದು, ಯಾವ ಸೀರೆ, ಯಾವ ಹೊತ್ತು... ಛೆ! ಇವನನ್ನೇ ನಾನು ನಂಬಿದೆನಲ್ಲ!’

ಸಂಜೆ ಅವನನ್ನು ಕರೆಸಿ ನಿಲ್ಲಿಸಿಯೇ ಕೇಳಿದಳು. “ನಮ್ಮ ಮನಿ ಬಾಗಲಾ ನಿಮಗ್ಯಾಕ್ರಿ? ಯಾರನ್ನ ಕೇಳಿ ನಿಮ್ಮ ನಂಬರ್ ಹಾಕಿದ್ರಿ?”

ಮಹಾಂತೇಶನ ಮುಖದ ಬಣ್ಣ ಇಳಿಯಿತು. ಅವನ ಕಣ್ಣು ಮೂಲೆಯಲ್ಲಿ ಕೂತ ಸುಶೀಲವ್ವನ ಕಡೆ ಹೋಯಿತು. ಅವಳು ಸಣ್ಣಗೆ ತಲೆಯಲ್ಲಾಡಿಸಿದಳು. ಬೇಡ ಎಂಬಂತೆ. ನಾಗರತ್ನಾ ಅದನ್ನು ನೋಡಲಿಲ್ಲ.

“ಅದನ್ನ ಹೇಳಾಕ ಬರಂಗಿಲ್ರಿ,” ಎಂದ.

“ಹಂಗಾರ ನೀವೂ ಈ ಮನಿಗೆ ಬರೂದು ಬ್ಯಾಡ. ಮದಿವಿ ಮಾತೂ ಬ್ಯಾಡ!”

ಅವನು ಮರುದಿನವೇ ಹಿರೇಕೆರೂರಿನಲ್ಲಿ ಒಂದು ಬೀಜದ ಗೋದಾಮಿಗೆ ಕ್ಯಾಮೆರಾ ಹಾಕುವ ತಿಂಗಳ ಕೆಲಸ ಹಿಡಿದು ಹೊರಟುಹೋದ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೆ? ಆದರೆ ಸಿಟ್ಟಿನಲ್ಲಿದ್ದವರಿಗೆ ಗಾದೆ ನೆನಪಾಗುವುದಿಲ್ಲ. ಪೆಟ್ಟಿಗೆ ಬೇಕು, ಅವ್ವನ ಕಾವಲಿಗೆ. ಆದರೆ ಅವನಿಗೆ ಸುದ್ದಿ ಹೋಗಬಾರದು. ಆ ನಂಬರ್ ಅಳಿಸುವುದು ಹೇಗೆಂದು ತಿಳಿಯದ ನಾಗರತ್ನಾ ಸೋಮವಾರ ಕೇಬಲ್ ಆಸೀಮನನ್ನು ಕರೆಸಿ ಹಳೆಯ ಇಂಟರ್‌ನೆಟ್ ಲೈನನ್ನೇ ಕೀಳಿಸಿ, ಹೊಸ ಫೈಬರ್, ಹೊಸ ಮೋಡೆಮ್, ಹೊಸ ಪಾಸ್‌ವರ್ಡ್ ಹಾಕಿಸಿದಳು. ಇನ್ನು ಅವನ ದಾರಿ ಮುಚ್ಚಿತು ಎಂದು ಅವಳ ಲೆಕ್ಕ.

“ನೋಡ್ರಿ ಅಕ್ಕಾರ, ಪೆಟಿಗಿ ಮ್ಯಾಲ ಹಸರ ಲೈಟ್ ಐತಿ. ಎಲ್ಲಾ ಚಾಲೂ,” ಎಂದು ಹೇಳಿ ಆಸೀಮ ಹೋದ.

ಹಸಿರು ದೀಪ ಉರಿಯುತ್ತಲೇ ಇತ್ತು.

ಅಂದಿನಿಂದ ಎರಡು ದಿನ ಅವಳ ಫೋನಿಗೆ ಒಂದೂ ಸಂದೇಶ ಬರಲಿಲ್ಲ. ಮೊದಲೆಲ್ಲ ದಿನಕ್ಕೆ ಎರಡೋ ಮೂರೋ ಸಲ ಬಾಗಿಲು ತೆರೆದ ಸುದ್ದಿ ಬರುತ್ತಿತ್ತು. ಗಿರಣಿಯ ಸದ್ದಿನಲ್ಲಿ ಅವಳು ನೋಡುವಾಗ ಅರ್ಧ ಗಂಟೆಯಾಗಿರುತ್ತಿತ್ತು. ಗಾಬರಿಯಿಂದ ಸಿದ್ದವ್ವನಿಗೆ ಫೋನ್ ಮಾಡಿದರೆ, “ಮನ್ಯಾಗ ಕುಂತಾಳಲ್ಲ,” ಎನ್ನುತ್ತಿದ್ದಳು. ಅವ್ವ ಕಟ್ಟೆಗೆ ಹೋಗಿ ಬಂದಿರಬೇಕು ಎಂದು ಇವಳು ಸುಮ್ಮನಾಗುತ್ತಿದ್ದಳು. ಈಗ ಅದೂ ಇಲ್ಲ. ‘ಅವ್ವ ಸುಧಾರಿಸಿದಳು,’ ಎಂದುಕೊಂಡಳು. ಆದರೂ ಯಾಕೋ, ಕೆಲಸದ ನಡುವೆ ಕೈ ತಾನೇ ಫೋನಿನ ಕಡೆ ಹೋಗುತ್ತಿತ್ತು.

ಬುಧವಾರ ಮಧ್ಯಾಹ್ನ ಒಂದೂವರೆಗೆ ಫೋನ್ ಬಂತು. ಪೆಟ್ಟಿಗೆಯಿಂದಲ್ಲ, ಸಿದ್ದವ್ವನಿಂದ.

“ನಾಗೂ... ನಿಮ್ಮವ್ವ ಇಲ್ಲಬೇ! ಮುಂಬಾಗಲಾ ಹಾರು ಹೊಡದೈತಿ!”

ನಾಗರತ್ನಾ ಹೇಗೆ ಮನೆ ಮುಟ್ಟಿದಳೋ ಅವಳಿಗೇ ಗೊತ್ತಿಲ್ಲ. ಬಾಗಿಲು ತೆರೆದಿತ್ತು. ಗೂಡಿನಲ್ಲಿ ಹಸಿರು ದೀಪ ಉರಿಯುತ್ತಿತ್ತು. ಅವ್ವನ ಹಾಸಿಗೆ ಮಡಿಸಿಟ್ಟಂತೇ ಇತ್ತು. ಓಣಿಯ ಮಂದಿ ಯಾರೂ ಏನೂ ಕೇಳಲಿಲ್ಲ, ಎಲ್ಲರೂ ಒಂದೇ ದಿಕ್ಕಿಗೆ ಓಡಿದರು. ಕೆರೆಯ ಕಡೆಗೆ.

ಮೆಟ್ಟಿಲ ಮೇಲೆ ಒಂದು ಚಪ್ಪಲಿ ಬಿದ್ದಿತ್ತು. ಒಂದೇ ಒಂದು.

“ನಾಗರತ್ನಾ, ನೋಡವಾ, ನಿಮ್ಮವ್ವಂದ ಏನಿದು?” ಯಾರೋ ಕೇಳಿದರು.

ಕಂದು ಬಣ್ಣದ ರಬ್ಬರ್ ಚಪ್ಪಲಿ. ಅರ್ಧ ಊರು ಹಾಕುವಂಥದ್ದು. ಅವ್ವನ ಚಪ್ಪಲಿ ಯಾವ ಬಣ್ಣದ್ದು? ಎಷ್ಟು ನೆನೆದರೂ ಹೊಳೆಯಲಿಲ್ಲ! ದಿನಾ ಬಾಗಿಲಲ್ಲಿ ನೋಡುವ ಚಪ್ಪಲಿ... ‘ಅವ್ವ ಮರೆಯುತ್ತಾಳೆ ಎಂದು ಬೇಸರ ಮಾಡಿಕೊಳ್ಳುತ್ತಿದ್ದೆ. ನಾನು? ನಾನು ನೋಡಿಯೇ ಇಲ್ಲವಲ್ಲ!’

ಇಬ್ಬರು ಗಂಡಸರು ನೀರಿಗಿಳಿದು ಬಿದಿರು ಗಳದಿಂದ ತಡವತೊಡಗಿದರು. “ಹಗ್ಗ ತರ್ರಿ,” ಎಂದು ಒಬ್ಬ ಕೂಗಿದ. ಗಳ ಒಂದು ಕಡೆ ತಡೆದು ನಿಂತಿತು... ಎಲ್ಲರೂ ಉಸಿರು ಹಿಡಿದರು... ಗೋಣಿಚೀಲ! ನಾಗರತ್ನಾ ಮೆಟ್ಟಿಲ ಮೇಲೆ ಕೂತು ಫೋನ್ ತೆಗೆದಳು.

ಬೆರಳು ತಾನೇ ಒಂದು ನಂಬರನ್ನು ಒತ್ತಿತು. ಅಳಿಸಬೇಕೆಂದುಕೊಂಡ ನಂಬರ್.

ಒಂದೇ ರಿಂಗಿಗೆ ಎತ್ತಿದ. ಹಲೋ ಎನ್ನಲಿಲ್ಲ. “ಅವ್ವ ಎಲ್ಲಿ?” ಎಂದ.

“ಇಲ್ಲ... ಇಲ್ಲರೀ... ಕೆರ್ಯಾಗ ಹುಡುಕಾಕತ್ತಾರ...” ಆಗ ಅವಳಿಗೆ ಅಳು ಒತ್ತರಿಸಿ ಬಂತು.

“ಎರಡು ದಿನದಿಂದ ನನಗ ಬಾಗಲದ ಸುದ್ದಿ ಬಂದಿಲ್ಲ. ಫೋನ್ ಮಾಡ್ಲೋ ಬ್ಯಾಡೋ ಅಂತ ಒದ್ದಾಡಾಕತ್ತಿದ್ದೆ. ಕೇಳ್ರಿ, ಅಳಬ್ಯಾಡ್ರಿ. ಕೆರ್ಯಾಗ ಮಂದಿ ಅದಾರಲ್ಲ? ನೀವು ಮನಿಗೆ ನಡೀರಿ. ಯಾರೂ ನೋಡದಿದ್ರೂ ಪೆಟ್ಟಿಗಿ ನೋಡಿರತೈತಿ.”

ಅವಳು ಎದ್ದು ಓಡಿದಳು.

ಅವನು ಹೇಳಿದಂತೆ ಟಿ.ವಿ.ಯ ವೈರನ್ನು ಪೆಟ್ಟಿಗೆಗೆ ಚುಚ್ಚಿ, ಗೂಡಿನ ಹಿಂದಿದ್ದ ಹಳೆಯ ಕೀಬೋರ್ಡ್ ಹಚ್ಚಿದಳು. ಕಪ್ಪು ಪರದೆ, ಬಿಳಿ ಅಕ್ಷರ. ಚಿತ್ರವಿಲ್ಲ, ಏನಿಲ್ಲ.

“ಡಬ್ಬಿ ನಡಸೂ ಪ್ರೋಗ್ರಾಮಿನ ಹೆಸರು ಡಾಕರ್, ಅದನ್ನ ಬರೀರಿ. ಒಂದು ಜಾಗ ಬಿಟ್ಟು ಪಿ, ಎಸ್. ಎಂಟರ್.”

“ಮೂರು ಸಾಲು ಬಂದಾವು. ಮೂರೂ ಅಪ್ ಅಂತ ತೋರಿಸ್ತಾವು.”

“ಡಬ್ಬಿ ಸತ್ತಿಲ್ಲ ಹಂಗಾರ. ಮೂರನೇದರ ಲಾಗ್ ತಗೀರಿ, ಏನೇನಾತು ಅಂತ ಅದರಾಗ ಬರದಿರತೈತಿ.” ಅವನು ಒಂದೊಂದೇ ಅಕ್ಷರ ಹೇಳಿದ. ಅವಳು ಒಂದೊಂದೇ ಒತ್ತಿದಳು. ಸಾಲುಗಳು ಸುರಿದವು.

“ಹನ್ನೊಂದು ನಲವತ್ತೆರಡು. ಬಾಗಲಾ ತೆರದೈತಿ ಅಂತೈತಿ. ಫೋಟೊ ತಗದೈತಿ... ಕಳಸಾಕ ಹೋಗಿ ಆಗಿಲ್ಲ. ‘ನೋ ರೂಟ್’ ಅಂತ. ಒಂದ ಸಲ ಅಲ್ರಿ, ನಿಮಿಷಕ್ಕೊಮ್ಮೆ ಕಳಸಾಕ ಹೋಗೈತಿ. ನೂರಾರು ಸಾಲು ಅದಾವು...”

ಹನ್ನೊಂದು ನಲವತ್ತೆರಡರಿಂದ ಆ ಪೆಟ್ಟಿಗೆ ನಿಮಿಷಕ್ಕೊಮ್ಮೆ ಕೂಗಿದೆ. ಯಾರಿಗೂ ಕೇಳಿಸಿಲ್ಲ!

“ಅದಕ್ಕ ಹೊರಗ ಹೋಗೂ ದಾರಿ ಸಿಗವಲ್ದು. ಎಂದಿನಿಂದ ಹಿಂಗ ಐತಿ? ಮ್ಯಾಲ ಮ್ಯಾಲ ಹೋಗ್ರಿ.”

“ಸೋಮವಾರ... ಸಂಜಿ ನಾಕೂ ಹತ್ತರಿಂದ.”

“ಸೋಮವಾರ ನಾಕಕ್ಕ ಮನ್ಯಾಗ ಏನು ಮಾಡಿದ್ರಿ?”

ಕರೆಂಟು ಹೋಗಿತ್ತು ಎನ್ನಬಹುದಿತ್ತು. ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಕೆರೆಯ ಕಡೆಯಿಂದ ಒಂದು ಕೂಗು ಕೇಳಿಸಿತು. ಅವಳು ಕಣ್ಣು ಮುಚ್ಚಿದಳು.

“ಹೊಸಾ ಮೋಡೆಮ್ ಹಾಕ್ಸಿದೆ. ನಿಮ್ಮ ಫೋನಿಗೆ ನಮ್ಮನಿ ಸುದ್ದಿ ಹೋಗಬಾರದಂತ...”

ಇನ್ನು ಅವನು ಫೋನ್ ಇಟ್ಟುಬಿಡುತ್ತಾನೆ ಎಂದುಕೊಂಡಳು.

“ಮೋಡೆಮ್ ತಳದಾಗ ಚೀಟಿ ಹಚ್ಚಿರತಾರ. ನಂಬರ್ ಓದ್ರಿ,” ಎಂದ, ಮೆಲ್ಲಗೆ.

“ಒಂದುನೂರಾ ತೊಂಬತ್ತೆರಡು, ಚುಕ್ಕಿ, ಒಂದುನೂರಾ ಅರವತ್ತೆಂಟು, ಚುಕ್ಕಿ, ನೂರು, ಚುಕ್ಕಿ, ಒಂದು.”

“ನೂರೇನು? ಸರಿ ನೋಡ್ರಿ, ನೂರ?”

“ಹೂಂರಿ, ನೂರು.”

“ಅಯ್ಯೋ ಶಿವನ... ತಪ್ಪು ನಂದು.” ಅವನ ದನಿ ಒಡೆಯಿತು. “ಡಬ್ಬಿಗೋಳಿಗೆ ಪೆಟ್ಟಿಗಿ ಒಳಗ ಒಂದು ಓಣಿ ಮಾಡೇನಿ. ಆ ಓಣಿಗೊಂದು ನಂಬರ್ ಬೇಕು. ಹೊಸಾ ಕೆಲಸ, ಹಿರ್ಯಾರ ಬಾಯಿಂದ ಬರಲಿ ಅಂತ ಅವ್ವಾರನ್ನ ಕೇಳಿದ್ದೆ. ‘ನೂರು ವರ್ಷ ಬಾಳಪಾ’ ಅಂದ್ರು. ನೂರ ಹಾಕಿಬಿಟ್ಟೆ. ಈಗ ಹೊರಗ ಹೊಸಾ ಮೋಡೆಮ್‌ದೂ ನೂರ. ಹೊರಗಿನ ನೂರಕ್ಕ ಹೋಗೂದು ಬಿಟ್ಟು ಪೆಟ್ಟಿಗಿ ತನ್ನ ಒಳಗಿನ ನೂರನ ಹುಡುಕಿ ಹುಡುಕಿ ಬರಾಕತ್ತೈತಿ. ಸುದ್ದಿ ಹೊಸ್ತಲಾ ದಾಟವಲ್ದು.”

ಆಶೀರ್ವಾದ ಮಾಡಿದ ಬಾಯಿ, ಅದನ್ನು ಹಾಗೇ ನಂಬಿದ ಇವನು, ಇವನನ್ನು ನಂಬದ ಅವಳು. ಮೂವರೂ ಸೇರಿ ಬಾಗಿಲು ಹಾಕಿಬಿಟ್ಟಿದ್ದರು.

“ಈಗ ಏನ್ ಮಾಡ್ಲಿ?”

“ಡಬ್ಬಿ ಇಳಿಸಿ, ನಂಬರ್ ಬದಲು ಮಾಡಿ, ಮತ್ತ ಏರಿಸಬೇಕು. ಹೇಳಿದಷ್ಟ ಬರೀರಿ. ಡಾಕರ್, ಕಂಪೋಸ್, ಡೌನ್.”

“ಇಳಿಸಿದ್ರ ಒಳಗಿನ ಫೋಟೊ ಹೋಗ್ತಾವೇನು?”

“ಡೌನ್ ಅಷ್ಟ ಬರದ್ರ ಉಳೀತಾವು. ಮುಂದ ಒಂದು ಅಡ್ಡಗೀಟು, ವಿ ಅಂತ ಬಿತ್ತೋ, ಎಲ್ಲಾ ಅಳಸಿ ಹೋಗ್ತೈತಿ. ನೋಡಿ ಒತ್ರಿ.”

ಅವಳ ಹಣೆಯ ಬೆವರು ಕೀಬೋರ್ಡಿನ ಮೇಲೆ ಬಿತ್ತು. ಅವ್ವನ ಕಟ್ಟಕಡೆಯ ಗುರುತು ಈ ಬೆರಳ ತುದಿಯಲ್ಲಿದೆ. ಒಂದು ತಪ್ಪು ಅಕ್ಷರ... ಬರೆದದ್ದನ್ನು ಮೂರು ಸಲ ಓದಿ ಎಂಟರ್ ಒತ್ತಿದಳು. ಡಬ್ಬಿಗಳು ಒಂದೊಂದಾಗಿ ನಿಂತವು. ಅವನು ಹೇಳಿದ ಕಡತ ತೆರೆದು, ನೂರು ಎಂದಿದ್ದಲ್ಲಿ ಐವತ್ತೆರಡು ಎಂದು ಬರೆದಳು. ಮತ್ತೆ ಏರಿಸಿದಳು. ಮೋಡೆಮ್‌ನ ಕೇಬಲ್ ಕಿತ್ತು ಮತ್ತೆ ಚುಚ್ಚಿದಳು.

ಏನೂ ಆಗಲಿಲ್ಲ.

ಅರ್ಧ ನಿಮಿಷ... ಒಂದು ನಿಮಿಷ...

ಟಿ‌ಣ್!

ಆಮೇಲೆ ಒಂದರ ಹಿಂದೊಂದು! ಎರಡು ದಿನದ ಸುದ್ದಿಯೆಲ್ಲ ಒಮ್ಮೆಲೇ! ಆ ಕಡೆ ಅವನ ಫೋನೂ ಟಿಣ್ ಟಿಣ್ ಎನ್ನುವುದು ಕೇಳಿಸಿತು.

“ಲಗೂನ ಫೋಟೊ ನೋಡ್ರಿ! ನನಗ ಬರೇ ಬಾಗಲಾ ತೆರೀತು ಅಂತಷ್ಟ ಬರ್ತೈತಿ. ಫೋಟೊ ನಿಮಗೊಬ್ಬರಿಗ ಹೋಗೂದು!”

ನಾಗರತ್ನಾಳ ಕೈ ಒಂದು ಕ್ಷಣ ನಿಂತಿತು. ಫೋಟೊ ಒಂದೂ ಅವನಿಗೆ ಹೋಗಿರಲಿಲ್ಲ... ಆದರೆ ಅದನ್ನು ನೆನೆಯಲು ಈಗ ಹೊತ್ತಿರಲಿಲ್ಲ.

ಹನ್ನೊಂದು ನಲವತ್ತೆರಡರ ಫೋಟೊ. ಸುಶೀಲವ್ವ ತಲೆ ಬಾಚಿಕೊಂಡು, ಟ್ರಂಕಿನ ತಳದಲ್ಲಿರುತ್ತಿದ್ದ ಗಿಳಿಹಸಿರು ಇಳಕಲ್ ಸೀರೆ ಉಟ್ಟಿದ್ದಾಳೆ. ಕಂಕುಳಲ್ಲಿ ಕೈಚೀಲ. ಬಲಗೈಯಲ್ಲಿ... ನಾಗರತ್ನಾ ದೊಡ್ಡದು ಮಾಡಿ ನೋಡಿದಳು. ಆಧಾರ್ ಕಾರ್ಡು!

ಕೆರೆಗೆ ಬೀಳುವವರು ಆಧಾರ್ ಕಾರ್ಡು ಹಿಡಿದು ಹೋಗುತ್ತಾರೆಯೇ? ಬಸ್ಸಿನ ಟಿಕೆಟ್ ಪುಕ್ಕಟೆಯಾದಂದಿನಿಂದ ನಮ್ಮ ಹೆಣ್ಣುಮಕ್ಕಳು ಆ ಕಾರ್ಡು ಕೈಯಲ್ಲಿ ಹಿಡಿದರೆಂದರೆ ಹೊರಟದ್ದು ಒಂದೇ ಕಡೆಗೆ.

“ಬಸ್! ಅವ್ವ ಬಸ್ಸಿಗೆ ಹೋಗ್ಯಾಳ್ರೀ!”

“ಅಬಲೂರು!” ಅವನು ಆ ಕ್ಷಣವೇ ಹೇಳಿದ.

“ಅಬಲೂರು ಅವ್ವನ ತವರಮನಿ ಇತ್ತು... ಅದು ಮಾರಿ ಇಪ್ಪತ್ತು ವರ್ಷ ಆತಲ್ರಿ! ನಿಮಗ ಹ್ಯಾಂಗ ಗೊತ್ತು?”

“ಹನ್ನೊಂದು ಸಲ ಬಸ್‌ಸ್ಟ್ಯಾಂಡಿನಿಂದ ಕರಕೊಂಡು ಬಂದು ಹಿತ್ತಲ ಬಾಗಲದಿಂದ ಮನಿ ಮುಟ್ಟಿಸೇನಿ. ನಿಮಗ ಗಿರಣಿ ಸದ್ದಿನಾಗ ಫೋನ್ ಕೇಳಂಗಿಲ್ಲ ಅಂತ ನನ್ನ ನಂಬರೂ ಹಾಕಿದ್ದೆ. ನನ್ನ ಅಂಗಡಿ ಅಲ್ಲೇ ಐತಿ, ಸುದ್ದಿ ಬಂದ ಕೂಡ್ಲೆ ಓಡತಿದ್ದೆ. ಪ್ರತಿ ಸಲ ‘ಅಬಲೂರ ಬಸ್ ಯಾವುದಪಾ’ ಅಂತಿದ್ರು. ‘ನನ್ನ ಮಗಳಿಗೆ ಹೇಳಬ್ಯಾಡ, ಕೆಲಸ ಬಿಟ್ಟು ಕುಂದರತಾಳ’ ಅಂತ ಆಣಿ ಹಾಕ್ಸಿಕೊಂಡಿದ್ರು. ನಾ ಹಿರೇಕೆರೂರಿನಿಂದ ಈಗ ಗಾಡಿ ಹತ್ತಿದೆ. ನೀವು ಬರ್ರಿ.”

ಫೋನ್ ಕಟ್ಟಾಯಿತು. ಕೆರೆಯಲ್ಲಿದ್ದವರಿಗೆ ಹೇಳಲು ಸಿದ್ದವ್ವನನ್ನು ಕಳಿಸಿ ನಾಗರತ್ನಾ ಬಸ್ ಹತ್ತಿದಳು.

ದಾರಿಯುದ್ದಕ್ಕೂ ಅವನ ಫೋನ್ ಇಲ್ಲ. ಇವಳು ಮಾಡಿದರೆ ಸಿಗುತ್ತಿಲ್ಲ. ಹಿರೇಕೆರೂರಿನಲ್ಲಿ ಬಸ್ ಬದಲಿಸಬೇಕು. ಅವ್ವನಿಗೆ ಅದು ನೆನಪಿತ್ತೇ? ನಡುವೆ ಯಾವುದೋ ಹೊಲದಲ್ಲಿ ಇಳಿದಿದ್ದರೆ? ಹೆಸರು ಕೇಳಿದರೆ ಹೇಳಿಯಾಳೇ? ಗೋವಿನಜೋಳದ ಹೊಲಗಳು ಎರಡೂ ಕಡೆ ಆಳೆತ್ತರ ನಿಂತಿದ್ದವು. ಅದರೊಳಗೆ ಒಬ್ಬ ಮುದುಕಿ ದಾರಿ ತಪ್ಪಿ ಕೂತರೆ ಯಾರಿಗೂ ಕಾಣುವುದಿಲ್ಲ. ಹೊತ್ತು ಇಳಿಯುತ್ತಿತ್ತು.

ಅಬಲೂರಿನಲ್ಲಿ ಇಳಿದವಳಿಗೆ ಮೊದಲು ಕಂಡದ್ದು ಅವನ ಬೈಕು. ಸ್ಟ್ಯಾಂಡ್ ಹಾಕದೆ ರಸ್ತೆಯ ಬದಿ ಅಡ್ಡ ಬಿದ್ದಿತ್ತು. ಅದರಾಚೆ ಒಂದು ಮನೆಯ ಮುಂದೆ ಹತ್ತಿಪ್ಪತ್ತು ಮಂದಿ ಗುಂಪುಗೂಡಿದ್ದರು. ಯಾರೂ ಮಾತಾಡುತ್ತಿರಲಿಲ್ಲ.

ನಾಗರತ್ನಾ “ಅವ್ವಾ!” ಎಂದು ಚೀರುತ್ತ ಮಂದಿಯನ್ನು ಸರಿಸಿ ನುಗ್ಗಿದಳು.

ಸುಶೀಲವ್ವ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದಳು! ಅವಳ ಕಾಲ ಬಳಿ ಮಹಾಂತೇಶ ನೆಲಕ್ಕೆ ಕೂತಿದ್ದ. ಅವನ ಕಣ್ಣು ಕೆಂಪಾಗಿದ್ದವು.

“ಫೋನ್ ಬಿದ್ದು ಒಡೀತ್ರಿ. ಹೇಳಾಕ ಆಗಲಿಲ್ಲ,” ಎಂದ, ತಪ್ಪು ಮಾಡಿದವನಂತೆ.

ನಾಗರತ್ನಾ ತಾಯಿಯ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತಳು. ಸುಶೀಲವ್ವ ಅವಳ ತಲೆ ಸವರುತ್ತ, “ಮದಿವಿ ಹುಡುಗಿ ಹಿಂಗ ಊರೂರು ತಿರಗಬಾರದು ನಾಗೂ,” ಎಂದು ಗದರಿದಳು.

“ಮದಿವಿ?”

ಆ ಮನೆಯ ಯಜಮಾನಿ ಕುಲಸುಮಬಿ ಬಾಗಿಲಲ್ಲಿ ನಿಂತಿದ್ದಳು. ಸುಶೀಲವ್ವನ ತವರುಮನೆಯನ್ನು ಕೊಂಡವರು ಅವರೇ. ಅವಳು ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಅದರಲ್ಲಿ ಒಂದು ಹಿಡಿ ಅರಿಶಿನದ ಅಕ್ಷತೆ.

“ನಿಮ್ಮವ್ವಾರು ಒಳಗ ಬಂದವರ, ‘ಮಗಳ ಮದಿವಿ ಐತಿ, ಮೊದಲನೇ ಅಕ್ಷತಿ ತವರಮನಿಗೆ ಕೊಡಾಕ ಬಂದೇನಿ, ನಮ್ಮವ್ವನ್ನ ಕರೀರಿ’ ಅಂದ್ರು. ಇದು ನಿಮ್ಮ ಮನಿ ಅಲ್ಲ ಅಂತ ಹ್ಯಾಂಗ ಹೇಳೂದವಾ? ಸೆರಗೊಡ್ಡಿ ಇಸ್ಕೊಂಡೆ. ಬರ್ತೇವಿ ಅಂತ ಹೇಳೇನಿ.”

ಮದುವೆಯ ಮೊದಲ ಕರೆ ತವರುಮನೆಗೆ. ಅದನ್ನು ತಾಯಿಯೇ ಕೈಯಾರೆ ಕೊಡಬೇಕು. ಗಂಡ ಸತ್ತದ್ದನ್ನು ಮರೆತವಳು ಇದೊಂದನ್ನು ಮರೆತಿರಲಿಲ್ಲ. ಆ ರವಿವಾರ ಮಹಾಂತೇಶ ಕೇಳಿದ್ದು ಅವಳಿಗೆ ನೆನಪಿತ್ತು. ಶುಕ್ರವಾರ ಮಗಳು ಬೇಡವೆಂದದ್ದು ನೆನಪಿರಲಿಲ್ಲ.

ಸುತ್ತಲಿದ್ದ ಮಂದಿ ಒಬ್ಬೊಬ್ಬರಾಗಿ ಮನೆಗೆ ಹೊರಟರು. ಕುಲಸುಮಬಿ ಸುಶೀಲವ್ವನ ಕೈ ಹಿಡಿದು ಊಟಕ್ಕೆ ಒಳಗೆ ಕರೆದೊಯ್ದಳು. ಕಟ್ಟೆಯ ಮೇಲೆ ಇಬ್ಬರೇ ಉಳಿದರು.

“ನಾ ನಿಮ್ಮನ್ನ ಕಳ್ಳನ್ನ ಮಾಡಿದೆ,” ಎಂದಳು ನಾಗರತ್ನಾ. ತಲೆ ಎತ್ತಲಾಗಲಿಲ್ಲ. “ನಿಮ್ಮನ್ನ ಹೊರಗ ಹಾಕಾಕ ಹೋಗಿ ನಮ್ಮವ್ವನ್ನ ಕಳಕೊಂತಿದ್ದೆ. ಆಗಿಂದ ಒಂದ ಮಾತು ಎದ್ಯಾಗ ಕುಂತೈತ್ರಿ... ಕೆರಿ ದಂಡ್ಯಾಗ ಅಷ್ಟು ಮಂದಿ ಇದ್ರೂ ನನಗ ನೀವ ಬೇಕಾಗಿದ್ರಿ. ನೀವೊಬ್ಬರ.”

“ನನ್ನ ತಪ್ಪೂ ಐತಿ. ಅವ್ವಗ ಆಣಿ ಕೊಟ್ಟಿದ್ದು ಖರೆ. ಆದ್ರ ಆ ಮನಿ ಬಾಗಲಾ ನಿಮ್ದು. ನಿಮ್ಮನ್ನ ಕೇಳದ ನನ್ನ ನಂಬರ್ ಹಾಕಬಾರದಿತ್ತು. ನಾಳೆ ಬಂದು ತಗದುಬಿಡ್ತೇನಿ.”

“ತಗದೀರಿ ನೋಡ್ರಿ ಮತ್ತ!” ಅವಳು ಕಣ್ಣೊರೆಸಿಕೊಂಡು ಗದರಿದಳು. ಅವನ ಕೈ ಹುಡುಕಿ ಹಿಡಿದಳು. “ಇರಲಿ. ಯಾವತ್ತೂ ಇರಲಿ.”

ಮಹಾಂತೇಶ ಆ ಕೈಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದ. ಬಹಳ ಹೊತ್ತಿನ ಮೇಲೆ ಅವನಿಗೆ ನಗು ಬಂತು.

“ಈ ಓಣ್ಯಾಗ ಹದಿನಾರು ಮನಿಗೆ ಅಕ್ಷತಿ ಕೊಟ್ಟಾರಂತ. ಎಲ್ಲಾರೂ ತಾರೀಖು ಕೇಳಾಕತ್ತಾರ. ಏನಂತ ಹೇಳ್ಲಿ?”

ಒಳಗಿನಿಂದ ಸುಶೀಲವ್ವನ ದನಿ ಕೇಳಿಸಿತು. “ಹೊರಗ ಕುಂತಾಳಲ್ಲ ಆ ಹುಡುಗಿ, ಯಾರವಾ ಅಕಿ? ಊಟಕ್ಕ ಕರೀರಿ,” ಎನ್ನುತ್ತಿದ್ದಳು ಕುಲಸುಮಬಿಗೆ.

ನಾಗರತ್ನಾ ಅವನ ಹೆಗಲಿಗೆ ಹಣೆಯಿಟ್ಟಳು.

“ಲಗೂನ ಅಂತ ಹೇಳ್ರಿ... ನಮ್ಮವ್ವಗ ನನ್ನ ಗುರುತು ಇರೂವಾಗನ.”